ಇಪ್ಪತ್ತಾರು ಡಿಗ್ರಿಯ ಹೊಟ್ಟೆಕಿಚ್ಚು

ಜಯಮಾಲಾ ನಿರ್ಣಾ ಹಳ್ಳಿಯ ಹೆಣ್ಣುಮಗಳು. ಪಿಯುಸಿ ಪಾಸಾದ ವರ್ಷವೇ ಮದುವೆಯಾಗಿ ಹುಮನಾಬಾದಿಗೆ ಬಂದಳು. ಗಂಡ ನಾಗನಾಥ ಲೈನ್‌ಮನ್. ಮಗಳು ಪೂನಂಗೆ ಐದು ತುಂಬಿದ ವರ್ಷ, ಒಂದು ಮಳೆಗಾಲದ ಮಧ್ಯಾಹ್ನ ಕಂಬ ಹತ್ತಿದ ನಾಗನಾಥ ಜೀವಂತವಾಗಿ ಕೆಳಗಿಳಿಯಲಿಲ್ಲ. ಎಂಟು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ ಅವಳಿಗೆ ಅನುಕಂಪದ ನೌಕರಿ ಸಿಕ್ಕಿತು. ಗಂಡನ ಜೀವ ತೆಗೆದ ಕರೆಂಟನ್ನೇ ಹೆಂಡತಿ ಕಾಯಬೇಕಾದ ಆಪರೇಟರ್ ಕೆಲಸ.

ತರಬೇತಿಗೆ ಹೋದ ಮೊದಲ ದಿನ ತನ್ನಂಥದೇ ನೌಕರಿಯ ಕಾಗದ ಕೈಯಲ್ಲಿ ಹಿಡಿದುಕೊಂಡು ಇನ್ನೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಬಸವಕಲ್ಯಾಣದ ಹಜಿರಾ ಬೀ. ಅವಳ ಗಂಡ ಅಮೀರ ಕೂಡ ಲೈನ್‌ಮನ್ ಆಗಿದ್ದ, ಟ್ರಾನ್ಸ್‌ಫಾರ್ಮರ್ ಹತ್ತಿರ ತೀರಿಕೊಂಡಿದ್ದ. ಇಪ್ಪತ್ತು ಗಂಡಸರ ನಡುವೆ ಇಬ್ಬರೇ ಹೆಂಗಸರು. ಒಂದೇ ಬೆಂಚಿನ ಮೇಲೆ ಕುಳಿತರು. ಹಜಿರಾ ಹತ್ತನೇ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಕನ್ನಡದ ಫಾರಂ ಕಂಡರೆ ಬೆವರುತ್ತಿದ್ದಳು, ಮೀಟರಿನ ಮುಳ್ಳು ಎರಡು ಅಂಕಿಗಳ ನಡುವೆ ನಿಂತರೆ ಕಂಗಾಲಾಗುತ್ತಿದ್ದಳು. ಬೇಗ ಕಲಿತ ಜಯಮಾಲಾ ಅವಳ ಬೆರಳು ಹಿಡಿದು ಗಾಜಿನ ಮೇಲೆ ಇಟ್ಟು ಕಲಿಸಿದಳು. ಲಾಗ್ ಪುಸ್ತಕದಲ್ಲಿ ಗಂಟೆಗಂಟೆಗೆ ಏನು ಬರೆಯಬೇಕು, ಯಾವ ಗಂಟೆ ಬಾರಿಸಿದರೆ ಯಾವ ಸ್ವಿಚ್ಚಿಗೆ ಕೈ ಹಾಕಬೇಕು, ಸಾಹೇಬರು ಬಂದಾಗ ಯಾವ ಕಾಗದ ಮುಂದೆ ಇಡಬೇಕು, ಎಲ್ಲವನ್ನೂ ಕಲಿಸಿದಳು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಹಜಿರಾ ಅವಳನ್ನು ‘ಅಕ್ಕಾ’ ಎನ್ನುತ್ತಿದ್ದಳು. ವಯಸ್ಸಿನಲ್ಲಿ ಇಬ್ಬರಿಗೂ ಎರಡೇ ವರ್ಷದ ಅಂತರ.

ಜಯಮಾಲಾಳಿಗೆ ಹುಮನಾಬಾದಿನಲ್ಲಿ, ಕಾರ್ಖಾನೆಗಳ ಸಾಲಿನ ಹಿಂದಿನ ದೊಡ್ಡ ವಿದ್ಯುತ್ ಉಪಕೇಂದ್ರ ಸಿಕ್ಕಿತು. ಹಜಿರಾಳಿಗೆ ಕಲ್ಯಾಣದಿಂದ ಮಂಠಾಳದ ಕಡೆ ಹೋಗುವ ದಾರಿಯಲ್ಲಿರುವ ಸಣ್ಣ ಉಪಕೇಂದ್ರ. ಔಷಧ ಕಾರ್ಖಾನೆಗಳಿಗೆ ಹೋಗುವ ಲೈನುಗಳು ತನ್ನ ಕೈಯಲ್ಲಿವೆ, ಹಜಿರಾಳ ಕೈಯಲ್ಲಿರುವುದು ಹೊಲದ ಪಂಪ್‌ಸೆಟ್ಟುಗಳು ಎಂದು ಜಯಮಾಲಾ ಬಾಯಿಬಿಟ್ಟು ಒಮ್ಮೆಯೂ ಹೇಳಿದವಳಲ್ಲ. ಆದರೆ ಹದಿನಾಲ್ಕು ವರ್ಷ ಆ ಮಾತು ಅವಳ ಎದೆಯೊಳಗೆ ಬೆಚ್ಚಗೆ ಕುಳಿತಿತ್ತು. ಹಜಿರಾ ವಾರಕ್ಕೊಮ್ಮೆ ಫೋನು ಮಾಡಿ ಏನಾದರೂ ಕೇಳುತ್ತಿದ್ದಳು. ಕೇಳುವವಳು ಅವಳು, ಹೇಳುವವಳು ತಾನು. ಗೆಳೆತನ ಹೀಗೆ ಇರುವವರೆಗೆ ಜಯಮಾಲಾಳಷ್ಟು ಒಳ್ಳೆಯ ಗೆಳತಿ ಜಿಲ್ಲೆಯಲ್ಲಿ ಬೇರೆ ಇರಲಿಲ್ಲ.

ಅದು ಕೆಟ್ಟದ್ದು ಹೋದ ಜೂನಿನಲ್ಲಿ, ಒಂದು ಮೀಟಿಂಗಿನಲ್ಲಿ.

ಉಪಕೇಂದ್ರ ಎಂದರೆ ಕರೆಂಟು ಬಂದು ಹೋಗುವ ಜಾಗ ಎಂದಷ್ಟೇ ಜನ ತಿಳಿದಿರುತ್ತಾರೆ. ಆ ಕಟ್ಟಡವೂ ತನ್ನ ಸಲುವಾಗಿ ಕರೆಂಟು ತಿನ್ನುತ್ತದೆ. ಕಂಟ್ರೋಲ್ ರೂಮಿನಲ್ಲಿ ಸಾಲಾಗಿ ನಿಂತ ಕಬ್ಬಿಣದ ಕಪಾಟುಗಳು, ಅಂದರೆ ಪ್ಯಾನೆಲ್‌ಗಳು, ಬಿಸಿಯಾಗಬಾರದು, ಅವುಗಳೊಳಗೆ ತೇವವೂ ಸೇರಬಾರದು. ಅದಕ್ಕೆ ಹಗಲೂ ರಾತ್ರಿ ಎಸಿ. ಪಕ್ಕದ ಕೋಣೆಯಲ್ಲಿ ಬ್ಯಾಟರಿಗಳು. ಅವುಗಳ ಗಾಳಿ ಹೊರಗೆ ದಬ್ಬಲು ಹಗಲೂ ರಾತ್ರಿ ಫ್ಯಾನು. ಈ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. ಆ ದಿನ ಎಂಜಿನಿಯರ್ ಸಂಜೀವಕುಮಾರ ಸಾಹೇಬರು ಒಂದು ಹಾಳೆ ಎತ್ತಿಕೊಂಡು ಓದಿದರು: ಕಲ್ಯಾಣದ ಸಣ್ಣ ಉಪಕೇಂದ್ರ ಒಂದು ವರ್ಷದಲ್ಲಿ ತನ್ನ ಸ್ವಂತ ಬಳಕೆಯನ್ನು ನೂರಕ್ಕೆ ನಲವತ್ತರಷ್ಟು ಇಳಿಸಿದೆ, ಇಳಿಸಿದವರು ಆಪರೇಟರ್ ಹಜಿರಾ ಬೀ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ಸಾಲು ಮುಂದೆ ಕುಳಿತಿದ್ದ ಹಜಿರಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಏನು ಹೇಳುವುದೆಂದು ತಿಳಿಯದೆ ಹಾಗೆಯೇ ಕುಳಿತಳು. ಅದಕ್ಕೂ ಚಪ್ಪಾಳೆ ಬಿತ್ತು. ಜಯಮಾಲಾ ಕೂಡ ತಟ್ಟಿದಳು. ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಹೊರಗೆ ಬಂದಾಗ ಹಜಿರಾ ಓಡಿಬಂದು ಕೈ ಹಿಡಿದಳು. “ಅಕ್ಕಾ, ಬಾ, ಚಹಾ ಕುಡಿಯೂಣ.”

“ನಂಗ ಶಿಫ್ಟ್ ಅದ” ಎಂದಳು ಜಯಮಾಲಾ. ಅವಳ ಶಿಫ್ಟ್ ಇದ್ದದ್ದು ಮರುದಿನ ಬೆಳಗಿಗೆ.

ದಾರಿಯುದ್ದಕ್ಕೂ ಅವಳು ತನಗೆ ತಾನೇ ಒಂದೇ ಮಾತು ಹೇಳಿಕೊಂಡಳು: ಸಣ್ಣ ಕಟ್ಟಡ, ಎರಡು ಎಸಿ, ನಾಲ್ಕು ಪ್ಯಾನೆಲ್, ಅಲ್ಲಿ ಇಳಿಸಿದರೆ ಅದೇನು ದೊಡ್ಡದು? ನಮ್ಮಲ್ಲಿ ಬಂದು ಇಳಿಸಲಿ ನೋಡೋಣ. ಆದರೆ ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತಾಗ ಆ ಮಾತು ಕೆಲಸ ಮಾಡಲಿಲ್ಲ. ಮೊದಲ ರೊಟ್ಟಿ ಹರಿಯಿತು, ಎರಡನೆಯದು ಹೊತ್ತಿತು.

ಪೂನಂ ಫೋನು ಹಿಡಿದುಕೊಂಡು ಅಡುಗೆ ಮನೆಗೆ ಬಂದಳು. “ಅವ್ವಾ, ಹಜಿರಾ ಚಿಗವ್ವನ ವಿಡಿಯೋ ನೋಡಿದೇನ? ಯಾರೋ ಗ್ರೂಪಿನಾಗ ಹಾಕ್ಯಾರ. ಎಷ್ಟ್ ಚಂದ ಮಾತಾಡ್ಯಾಳ!”

“ನಂಗ ಹಿಟ್ಟಿನ ಕೈ ಅದ. ಆಮ್ಯಾಲ ನೋಡ್ತೀನಿ.”

“ಇಲ್ಲೇ ಹಿಡಕೊಂಡ್ ನಿಂದರ್ತೀನಿ, ನೋಡು.”

ನೋಡಬೇಕಾಯಿತು. ಫೋನಿನ ಪರದೆಯಲ್ಲಿ ಹಜಿರಾ ಗೋಡೆಯ ತೂತೊಂದನ್ನು ತೋರಿಸಿ ಕನ್ನಡದಲ್ಲಿ, ಒಂದೂ ತಪ್ಪಿಲ್ಲದೆ, ವಿವರಿಸುತ್ತಿದ್ದಳು. ತಾನು ಬೆರಳು ಹಿಡಿದು ಕಲಿಸಿದ ಹೆಂಗಸು ತನ್ನ ಮಗಳ ಅಂಗೈಯೊಳಗೆ ನಿಂತು ಪಾಠ ಹೇಳುತ್ತಿದ್ದಾಳೆ. ಪೂನಂ ಕಣ್ಣರಳಿಸಿ ನೋಡುತ್ತಿದ್ದಳು. ಆ ಹುಡುಗಿ ತನ್ನ ಉಪಕೇಂದ್ರದ ಕಡೆ ಎಂದಾದರೂ ಹೀಗೆ ನೋಡಿದ್ದಳೇ ಎಂದು ಜಯಮಾಲಾ ನೆನಪು ಮಾಡಿಕೊಂಡಳು. ಒಂದು ದಿನವೂ ನೆನಪಿಗೆ ಬರಲಿಲ್ಲ.

“ಸಾಕು ತಗಿ, ಬ್ಯಾಟರಿ ಹೋಗ್ತದ” ಎಂದಳು.

ಅಂದಿನಿಂದ ಹಜಿರಾಳ ಫೋನು ಬಂದರೆ ಅವಳು ಎತ್ತಲಿಲ್ಲ. ಬಡಿದು ಬಡಿದು ನಿಲ್ಲುವುದನ್ನು ನೋಡುತ್ತ ಕುಳಿತಿರುತ್ತಿದ್ದಳು. ಅದರಲ್ಲಿ ಒಂದು ಬಗೆಯ ಸಮಾಧಾನ ಸಿಗುತ್ತಿತ್ತು. ಅದು ಅರ್ಧ ತಾಸು ಇರುತ್ತಿತ್ತು.

ಹದಿನೈದು ದಿನಕ್ಕೆ ಎಲ್ಲ ಉಪಕೇಂದ್ರಗಳಿಗೂ ಸುತ್ತೋಲೆ ಬಂತು. ಎಸಿಯನ್ನು ಹದಿನೆಂಟರಲ್ಲಿ ಇಡಬೇಡಿ, ಇಪ್ಪತ್ತಾರರಲ್ಲಿ ಇಡಿ; ಕೇಬಲ್ ಒಳಗೆ ಬರುವ ತೂತುಗಳನ್ನು ಮುಚ್ಚಿಸಿ; ಕಲ್ಯಾಣದ ಮಾದರಿ ಅನುಸರಿಸಿ. ‘ಕಲ್ಯಾಣದ ಮಾದರಿ’ ಎಂಬ ಎರಡು ಪದಗಳು ಜಯಮಾಲಾಳ ಕಣ್ಣಿಗೆ ಮುಳ್ಳಿನಂತೆ ಚುಚ್ಚಿದವು. ಸಹಾಯಕ ಜೈಭೀಮ ಅದನ್ನು ಗೋಡೆಗೆ ಅಂಟಿಸಿ, ರಿಮೋಟು ಎತ್ತಿಕೊಂಡು ಇಪ್ಪತ್ತಾರಕ್ಕೆ ಇಟ್ಟ. ಅವನು ಹೊರಗೆ ಹೋದ ಕೂಡಲೇ ಜಯಮಾಲಾ ಎದ್ದು ಒತ್ತತೊಡಗಿದಳು. ಇಪ್ಪತ್ತೈದು, ಇಪ್ಪತ್ನಾಲ್ಕು. ಹದಿನೆಂಟಕ್ಕೂ ನಿಲ್ಲಿಸಲಿಲ್ಲ. ಹದಿನೇಳಕ್ಕೆ ತಂದಳು. ನಾಲ್ಕೂ ಎಸಿಗಳನ್ನು. ರಿಮೋಟನ್ನು ತನ್ನ ಚೀಲದೊಳಗೆ ಹಾಕಿಕೊಂಡಳು.

“ಬಾಯಾರ, ಥಂಡಿ ಭಾಳ ಆಗ್ಯಾದಲ್ರಿ?” ಎಂದು ಜೈಭೀಮ ಕೇಳಿದಾಗ, “ನಮ್ಮ ಪ್ಯಾನೆಲ್ ದೊಡ್ಡವು. ಅವಕ್ಕ ಇಷ್ಟು ಬೇಕು” ಎಂದು ಉತ್ತರ ಕೊಟ್ಟಳು. ಹೆಗಲ ಮೇಲೆ ಶಾಲು ಹೊದ್ದು ಕುಳಿತಳು.

ಜುಲೈ ಎರಡನೇ ವಾರ ಮಳೆ ಹಿಡಿಯಿತು. ಹೊಯ್ಯುವುದು, ನಿಲ್ಲುವುದು, ಆಮೇಲೆ ಬಿಸಿಲು ಬಿದ್ದು ನೆಲದಿಂದ ಹಬೆ ಏಳುವುದು. ಹೊರಗೆ ನಿಂತರೆ ರವಿಕೆ ಮೈಗೆ ಅಂಟುವಷ್ಟು ಸೆಕೆ. ಅಂಥ ಒಂದು ಮಧ್ಯಾಹ್ನ ಕೆಲಸದವರು ಕೇಬಲ್ ಕಾಲುವೆಯ ಮೇಲೆ ಮುಚ್ಚಿದ ಕಲ್ಲುಗಳನ್ನು ಎತ್ತಿಟ್ಟು ಹೋಗಿದ್ದರು. ಮೂರು ಗಂಟೆಯ ಸುಮಾರಿಗೆ ಅಲಾರಂ ಬಡಿಯಿತು. ಹಿಂದೆಯೇ ‘ಧಡ್’ ಎಂದು ಒಂದು ಬ್ರೇಕರ್ ಬಿತ್ತು. ಒಂದು ಔಷಧ ಕಾರ್ಖಾನೆಯ ಲೈನು ಹೋಯಿತು.

ಜಯಮಾಲಾ ಓಡಿ ಹೋಗಿ ಪ್ಯಾನೆಲ್ ಬಾಗಿಲು ತೆಗೆದಳು. ಒಳಗಿನ ತಗಡಿನ ಮೇಲೆ, ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ಇರುವಂತೆ ಹನಿಗಳು ಕುಳಿತಿದ್ದವು. ಒಂದು ಹನಿ ಇಳಿದು ತಂತಿಗಳು ಕೂಡುವ ಪಟ್ಟಿಯ ಮೇಲೆ ಬಿದ್ದಿತ್ತು. ಅವಳಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಐಸಿನಂತೆ ತಣ್ಣಗಾದ ಕಬ್ಬಿಣಕ್ಕೆ ಕಾಲುವೆಯಿಂದ ಬಂದ ಬಿಸಿ ತೇವದ ಗಾಳಿ ತಾಗಿ ನೀರಾಗಿದೆ. ತಣ್ಣಗೆ ಮಾಡಿದವಳು ತಾನು. ಲೈನು ಸರಿಯಾಗಿ ಬಂದ್ ಆಗಿದೆಯೇ ಎಂದು ಖಾತ್ರಿ ಮಾಡಿಕೊಂಡು, ಒಣ ಬಟ್ಟೆಯಿಂದ ಒರೆಸಿದಳು, ಬಿಸಿಗಾಳಿಯ ಯಂತ್ರ ಹಿಡಿದು ಒಣಗಿಸಿದಳು. ನಲವತ್ತು ನಿಮಿಷದ ಮೇಲೆ ಲೈನು ಮತ್ತೆ ಕೊಟ್ಟಳು. ಆಮೇಲೆ ಲಾಗ್ ಪುಸ್ತಕ ತೆರೆದು, ಎಲ್ಲರೂ ಹೊಗಳುವ ತನ್ನ ದುಂಡು ಅಕ್ಷರಗಳಲ್ಲಿ ‘ಕಾರಣ ತಿಳಿದಿಲ್ಲ’ ಎಂದು ಬರೆದಳು.

ಮರುದಿನ ಸಂಜೀವಕುಮಾರ ಸಾಹೇಬರು ಬಂದರು. ಮೂವತ್ತೈದು ದಾಟದ ಮನುಷ್ಯ. ಸಿಟ್ಟು ಬಂದರೂ ದನಿ ಏರಿಸುವವರಲ್ಲ.

“ಕಾರಣ ತಿಳಿದಿಲ್ಲ ಅಂದ್ರ ಹ್ಯಾಂಗ್ರಿ ಜಯಮಾಲಾಬಾಯಿ? ಹದಿನಾಲ್ಕು ವರ್ಷದ ಆಪರೇಟರ್ ಬರಿಯೂ ಮಾತೇನ್ರಿ ಇದು?”

ಸಾಹೇಬರು ಪ್ಯಾನೆಲ್ ಮೇಲೆ ಅಂಗೈ ಇಟ್ಟು ತೆಗೆದರು. ಎಸಿಯ ಕಡೆ ನೋಡಿದರು, ಗೋಡೆಯ ಮೇಲಿನ ಸುತ್ತೋಲೆಯ ಕಡೆ ನೋಡಿದರು. ಮತ್ತೇನೂ ಕೇಳಲಿಲ್ಲ. “ನಾಳೆ ನಿಮ್ಮ ಶಿಫ್ಟ್ ಬ್ಯಾರೆಯವರು ಮಾಡ್ತಾರ. ನೀವು ಕಲ್ಯಾಣಕ್ಕ ಹೋಗಿ ಹಜಿರಾ ಬೀ ಏನೇನು ಮಾಡ್ಯಾರ, ಎಲ್ಲಾ ನೋಡಿ ಬರ್ರಿ. ಬರಕೊಂಡು ಬರ್ರಿ.”

ಬೈದಿದ್ದರೆ ಒಳ್ಳೆಯದಿತ್ತು. ಶಿಷ್ಯೆಯ ಬಾಗಿಲಿಗೆ ವಹಿ ಹಿಡಿದುಕೊಂಡು ಹೋಗುವ ಶಿಕ್ಷೆ ಅವಳಿಗೆ ಅದಕ್ಕಿಂತ ಭಾರವಾಯಿತು.

ಕಲ್ಯಾಣದ ಉಪಕೇಂದ್ರದ ಗೇಟಿನ ಹತ್ತಿರವೇ ಹಜಿರಾ ಕಾಯುತ್ತಿದ್ದಳು. “ಬಾ ಅಕ್ಕಾ, ಬಾ. ಎಷ್ಟ್ ಫೋನ್ ಮಾಡಿದೆ, ಆರಾಮ ಇಲ್ಲೇನೋ ಅಂತ ಫಿಕರ್ ಹತ್ತಿತ್ತು.”

“ಫೋನ್ ಕೆಟ್ಟಿತ್ತು” ಎಂದಳು ಜಯಮಾಲಾ. ಆ ಹೊತ್ತಿಗೆ ಸರಿಯಾಗಿ ಚೀಲದೊಳಗೆ ಫೋನು ಬಡಿಯಿತು. ಪೂನಂ, ಮುಟ್ಟಿದೆಯಾ ಎಂದು ಕೇಳಲು. ಹಜಿರಾ ಮುಖ ಬೇರೆ ಕಡೆ ತಿರುಗಿಸಿ ಗೇಟಿನ ಚಿಲಕ ಹಾಕಿದಳು.

ಒಳಗೆ ಕಾಲಿಟ್ಟ ಕೂಡಲೇ ಜಯಮಾಲಾಳ ಕಣ್ಣು ತಪ್ಪು ಹುಡುಕತೊಡಗಿತು. ಸಿಗಲಿಲ್ಲ. ಕೋಣೆ ತಂಪಾಗಿಯೂ ಇತ್ತು, ಒಣಗಿಯೂ ಇತ್ತು. ಶಾಲು ಬೇಕಾಗುವಂಥ ಚಳಿ ಅಲ್ಲ. ಒಂದೇ ಎಸಿ ನಡೆಯುತ್ತಿತ್ತು, ಇಪ್ಪತ್ತಾರಕ್ಕೆ. ಇನ್ನೊಂದಕ್ಕೆ ಆ ವಾರ ರಜೆ.

“ಇದಕ್ಕ ನಿಂಗ ಯಾರು ಹೇಳಿಕೊಟ್ರು?” ಎಂದು ಕೇಳಿದಳು. ಯಾರಾದರೂ ದೊಡ್ಡ ಎಂಜಿನಿಯರ್ ಹೇಳಿಕೊಟ್ಟಿರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

“ಯಾರೂ ಇಲ್ಲ ಅಕ್ಕಾ. ಹ್ವಾದ ವರ್ಷ ಮಳೆಗಾಲದಾಗ ಇಲ್ಲೇ ಕಸ ಹೊಡಿಯಾಕತ್ತಿದ್ದೆ. ಈ ಪ್ಯಾನೆಲ್ ಹಿಂದ ನಿಂತರ ಕಾಲಿಗೆ ಬಿಸಿಗಾಳಿ ಬಡೀತಿತ್ತು. ಮ್ಯಾಲ ಥಂಡಿ, ಕೆಳಗ ಬಿಸಿ. ಯಾಕ ಅಂತ ಬಗ್ಗಿ ನೋಡಿದೆ. ಕೇಬಲ್ ಬರೂ ತೂತು ಇಷ್ಟು ದೊಡ್ಡದು, ಬೆಕ್ಕು ಹಾಯಬೇಕು. ಹೊರಗಿನ ಹವಾ ಎಲ್ಲಾ ಅಲ್ಲಿಂದ ಒಳಗ ಬರಾಕತ್ತಿತ್ತು. ಎಸಿ ಪಾಪ ಊರ ಹವಾ ಎಲ್ಲಾ ತಂಪು ಮಾಡ್ತಿತ್ತು.”

ಒಂದು ಶಾಲೆಯ ನೋಟಬುಕ್ಕು ತೆಗೆದು ತೋರಿಸಿದಳು. ಎರಡು ತಾಸಿಗೊಮ್ಮೆ ಕೋಣೆಯ ಬಿಸಿ ಎಷ್ಟು, ತೇವ ಎಷ್ಟು, ಹೊರಗೆ ಎಷ್ಟು; ಒಂದು ವರ್ಷದ ಅಂಕಿಗಳು. ತನ್ನ ಶಿಫ್ಟ್ ಇಲ್ಲದ ದಿನ ಬೇರೆಯವರ ಕೈಲಿ ಬರೆಸಿದ್ದಳು. ಪ್ಯಾನೆಲ್ ಒಳಗೆ ತೇವ ಆರಿಸಲು ಇಟ್ಟ ಸಣ್ಣ ಹೀಟರುಗಳು ಮೊದಲು ಎಂದೂ ಆರದೆ ಉರಿಯುತ್ತಿದ್ದವು. ಒಳಗೆ ಹೀಟರು ಕಾಯಿಸುವುದು, ಹೊರಗೆ ಎಸಿ ತಣಿಸುವುದು, ಇಬ್ಬರ ಜಗಳಕ್ಕೆ ಕರೆಂಟು ದಂಡ. ಹಜಿರಾ ಅವುಗಳ ಕೆಟ್ಟ ಸ್ವಿಚ್ಚು ತೆಗೆಸಿ ಹೊಸದು ಹಾಕಿಸಿದ್ದಳು. ತೂತುಗಳಿಗೆ ಬೆಂಕಿ ಹತ್ತದ ಪುಟ್ಟಿ ಮೆತ್ತಿಸಿದ್ದಳು. ಮಾಳಿಗೆಗೆ ಬಿಳಿ ಬಣ್ಣ ಬಳಿಸಿದ್ದಳು. ಪಡುವಣ ಕಿಟಕಿಗೆ ಹೊರಗಿನಿಂದ ತಟ್ಟಿ ಕಟ್ಟಿಸಿದ್ದಳು.

ಜಯಮಾಲಾ ಬರೆದುಕೊಳ್ಳುತ್ತ ಹೋದಳು. ಒಂದೊಂದು ಸಾಲಿಗೂ ಹೊಟ್ಟೆ ಸುಟ್ಟಿತು. ಇದರಲ್ಲಿ ಒಂದೂ ಜಾಣರಿಗೆ ಮಾತ್ರ ಹೊಳೆಯುವ ಸಂಗತಿ ಅಲ್ಲ. ಅವಳ ಕಾಲಿಗೂ ಆ ಗಾಳಿ ಹದಿನಾಲ್ಕು ವರ್ಷ ಬಡಿದಿತ್ತು. ಅವಳು ಬಗ್ಗಿ ನೋಡಿರಲಿಲ್ಲ. ಹಜಿರಾ ತನ್ನಿಂದ ಏನಾದರೂ ಕದ್ದಿದ್ದರೆ ಬೈದು ಹಗುರಾಗಬಹುದಿತ್ತು. ಅವಳು ಏನನ್ನೂ ಕದ್ದಿರಲಿಲ್ಲ.

ಕೊನೆಗೆ ಬ್ಯಾಟರಿ ಕೋಣೆಗೆ ಹೋದರು. “ಇಲ್ಲಿ ಫ್ಯಾನ್ ಇಪ್ಪತ್ನಾಕು ತಾಸು ತಿರುಗ್ತಿತ್ತು” ಎಂದಳು ಹಜಿರಾ. “ಬಾಗಿಲ ಕೆಳಗಿನ ಸಂದಿನಾಗಿಂದ ಕಂಟ್ರೋಲ್ ರೂಮಿನ ತಂಪು ಹವಾ ಎಳದು ಹೊರಗ ಒಗೀತಿತ್ತು. ಬಾಗಿಲಿಗೆ ರಬ್ಬರ್ ಹಚ್ಚಿಸಿ, ಹೊರಗಿನ ಹವಾ ಬರಾಕ ಗ್ವಾಡಿಗೆ ಜಾಳಗಿ ಇಡಿಸೀನಿ. ಫ್ಯಾನಿಗೆ ಟೈಮರ್ ಹಾಕಿಸೀನಿ. ತಾಸಿಗೆ ಹದಿನೈದು ನಿಮಿಷ ತಿರುಗ್ತದ, ಆಮ್ಯಾಲ ಬಂದ್. ನಾಳೆ ಹನ್ನೊಂದಕ್ಕ ಬ್ಯಾಟರಿ ಪೂರಾ ಚಾರ್ಜ್ ಮಾಡೂದದ, ಸಾಹೇಬರೂ ನೋಡಾಕ ಬರ್ತಾರ. ಟೈಮರ್ ಹಾಕಿದ ಮ್ಯಾಲ ಇದೇ ಮೊದಲನೇದ್ದು.”

ಜಯಮಾಲಾಳ ಪೆನ್ನು ನಿಂತಿತು.

ದಿನನಿತ್ಯದ ಸಣ್ಣ ಚಾರ್ಜಿಗೆ ಹದಿನೈದು ನಿಮಿಷ ಸಾಕಾಗಬಹುದು. ಪೂರಾ ಚಾರ್ಜ್ ಮಾಡುವಾಗ ಬ್ಯಾಟರಿಗಳು ಕುದಿಯುವಂತೆ ಗುಳ್ಳೆ ಏಳಿಸುತ್ತವೆ. ಹೊರಬರುವ ಗಾಳಿಗೆ ಒಂದು ಕಿಡಿ ತಾಗಿದರೆ ಸಾಕು, ಕೋಣೆಯೇ ಹಾರುತ್ತದೆ. ಅಷ್ಟೂ ಹೊತ್ತು ಫ್ಯಾನು ತಿರುಗಲೇಬೇಕು. ದೊಡ್ಡ ಉಪಕೇಂದ್ರದಲ್ಲಿ ದೊಡ್ಡ ಬ್ಯಾಟರಿ ಸಾಕಿದ ಜಯಮಾಲಾಳಿಗೆ ಅದು ಉಸಿರಾಡಿದಷ್ಟು ಸಹಜವಾಗಿ ಗೊತ್ತಿತ್ತು. ಟೈಮರ್ ತಪ್ಪಿಸಿ ಫ್ಯಾನು ಬಿಡದೆ ನಡೆಸಲು ಬೇರೆ ಸ್ವಿಚ್ಚು ಇದೆಯೇ ಎಂದು ಗೋಡೆಯುದ್ದಕ್ಕೂ ನೋಡಿದಳು. ಇರಲಿಲ್ಲ.

ಸಿಕ್ಕಿತು. ಬೆಳಗಿನಿಂದ ಹುಡುಕಿದ ತಪ್ಪು ಕೊನೆಗೂ ಸಿಕ್ಕಿತು. ಅವಳ ಎದೆಯೊಳಗೆ ಹಬ್ಬದ ದಿನದಂಥ ಸಡಗರ ಎದ್ದಿತು. ನಾಳೆ ಸಾಹೇಬರು ಬರುತ್ತಾರೆ, ಕಟು ವಾಸನೆ ಮೂಗಿಗೆ ಬಡಿಯುತ್ತದೆ, ಫ್ಯಾನು ಯಾಕೆ ನಿಂತಿದೆ ಎಂದು ಕೇಳುತ್ತಾರೆ. ಕಲ್ಯಾಣದ ಮಾದರಿ! ಆ ಸುತ್ತೋಲೆಯನ್ನು ಎಲ್ಲ ಗೋಡೆಗಳಿಂದ ಕಿತ್ತು ತೆಗೆಯುತ್ತಾರೆ.

“ಏನಾತು ಅಕ್ಕಾ?”

“ಏನಿಲ್ಲ. ಎಲ್ಲಾ ಬರೋಬರ್ ಅದ” ಎಂದು ಜಯಮಾಲಾ ವಹಿ ಮುಚ್ಚಿದಳು.

ಹಜಿರಾ ಊಟಕ್ಕೆ ಕರೆದಳು. ಬಸ್ಸು ತಪ್ಪುತ್ತದೆ ಎಂದು ಹೇಳಿ ಹೊರಟುಬಂದಳು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಊರು ದಾಟುವವರೆಗೆ ಆ ಸಡಗರ ಇತ್ತು. ದಾರಿಯ ಬದಿಯ ಸೋಯಾ ಹೊಲಗಳು ಮಳೆಗೆ ಹಸಿರಾಗಿ ನಿಂತಿದ್ದವು. ಒಂದು ಕಡೆ ಲೈನ್‌ಮನ್ ಒಬ್ಬ ಕಂಬದ ಮೇಲೆ ಇದ್ದ. ಕೆಳಗೆ ಇನ್ನೊಬ್ಬ ಮುಖ ಮೇಲೆ ಮಾಡಿ ನಿಂತಿದ್ದ. ಜಯಮಾಲಾ ಅಂಥದ್ದನ್ನು ದಿನಾ ನೋಡುವವಳು. ಆದರೆ ಆ ಹೊತ್ತಿಗೆ ಅವಳಿಗೆ ಹದಿನೈದು ವರ್ಷದ ಹಿಂದಿನ ಒಂದು ಸಂಗತಿ ನೆನಪಾಯಿತು. ನಾಗನಾಥ ಕಂಬ ಹತ್ತಿದ ದಿನ ಲೈನು ಬಂದ್ ಆಗಿಲ್ಲ ಎಂದು ಜೊತೆಗಿದ್ದ ಒಬ್ಬನಿಗೆ ಅನುಮಾನ ಬಂದಿತ್ತಂತೆ. ನಾನೇಕೆ ಹೇಳಲಿ, ಹಿರಿಯರಿದ್ದಾರೆ ಎಂದು ಸುಮ್ಮನಿದ್ದನಂತೆ. ದಿನಕರ್ಮದ ಹೊತ್ತಿಗೆ ಬಂದು ಅವಳ ಕಾಲು ಹಿಡಿದು ಅತ್ತಿದ್ದ. ಅವನನ್ನು ಅವಳು ಇವತ್ತಿಗೂ ಕ್ಷಮಿಸಿರಲಿಲ್ಲ.

ನಾಳೆ ಹನ್ನೊಂದಕ್ಕೆ ಆ ಕೋಣೆಯಲ್ಲಿ ಬ್ಯಾಟರಿಗಳ ನಡುವೆ ಸ್ಪ್ಯಾನರ್ ಹಿಡಿದು ನಿಲ್ಲುವವಳು ಹಜಿರಾ. ಫೋನು ತೆಗೆದು ಹಚ್ಚಿದಳು. ಬಡಿದು ಬಡಿದು ನಿಂತಿತು. ಮತ್ತೆ ಹಚ್ಚಿದಳು, ಎತ್ತಲಿಲ್ಲ. ನಾಳೆ ಮುಂಜಾನೆ ಹೇಳಿದರೂ ಆದೀತು ಎಂದು ಒಂದು ದನಿ ಒಳಗಿನಿಂದ ಬಂತು. ಆ ದನಿಯ ಗುರುತು ಅವಳಿಗೆ ಚೆನ್ನಾಗಿ ಇತ್ತು. ಒಂದು ತಿಂಗಳಿಂದ ಅದೇ ಅವಳನ್ನು ಆಳುತ್ತಿತ್ತು.

ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿ ಸೇರುವ ಮೊದಲು ಬಸ್ಸು ನಿಂತಾಗ ಇಳಿದುಬಿಟ್ಟಳು. ಎದುರಿನಿಂದ ಬಂದ ಆಟೋ ಹತ್ತಿ, ಆರು ಜನರ ನಡುವೆ ಒತ್ತಿಕೊಂಡು ಕಲ್ಯಾಣಕ್ಕೆ ಮರಳಿದಳು.

ಹಜಿರಾ ಶಿಫ್ಟ್ ಒಪ್ಪಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. “ಏನ್ ಮರತಿ ಅಕ್ಕಾ?”

“ನಾಳಿನ ಚಾರ್ಜ್ ಮಾಡಬ್ಯಾಡ್ರಿ” ಎಂದಳು ಜಯಮಾಲಾ. ಗಡಿಬಿಡಿಯಲ್ಲಿ ಅವಳಿಗೆ ಬಹುವಚನ ಬಂದಿತ್ತು. “ಫ್ಯಾನು ಟೈಮರ್ ಮ್ಯಾಲ ಅದ. ಪೂರಾ ಚಾರ್ಜಿನಾಗ ಅದು ನಿಲ್ಲಬಾರದು. ಟೈಮರ್ ದಾಟಿಸಿ ನಡಸೂ ಸ್ವಿಚ್ ಇಲ್ಲ. ಅದು ಹಾಕಿಸಿದ ಮ್ಯಾಲೇ ಚಾರ್ಜ್ ಹಚ್ಚು.”

ಹಜಿರಾ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೆಯೇ ನಿಂತಳು. “ಯಾ ಅಲ್ಲಾ” ಎಂದಳು ಮೆಲ್ಲಗೆ. ಒಳಗೆ ಓಡಿ ಸಾಹೇಬರಿಗೆ ಫೋನು ಮಾಡಿ, ಮರುದಿನದ ಕೆಲಸ ನಿಲ್ಲಿಸಿದಳು. ಆಮೇಲೆ ಹೊರಗೆ ಬಂದು ಜಯಮಾಲಾಳ ಎದುರು ನಿಂತಳು.

“ಮುಂಜಾನೆನೇ ನೋಡಿದ್ದಿ. ನಿನ್ನ ಪೆನ್ನು ನಿಂತಿತ್ತು, ನಾ ನೋಡೀನಿ. ಏನಾತು ಅಂತ ಕೇಳಿದೆ. ಯಾಕ ಹೇಳ್ಲಿಲ್ಲ?”

ಸುಳ್ಳು ಮೂರು ನಾಲ್ಕು ನಾಲಿಗೆಯ ತುದಿಗೆ ಬಂದವು. ಜಯಮಾಲಾ ಒಂದನ್ನೂ ಆಡಲಿಲ್ಲ. “ಹೊಟ್ಟಿ ಉರಿಯಾಕತ್ತಿತ್ತು” ಎಂದಳು. “ನಿನ್ನ ಮ್ಯಾಲ. ಜೂನಿನಿಂದ.”

ಹಜಿರಾ ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. “ನಂಗ ಮೀಟರ್ ಓದಾಕ ಕಲಿಸಿದಾಕಿ ನೀ. ನಿನ್ನ ಮುಂದ ಎಲ್ಲಾ ತೋರಿಸಬೇಕು, ನೀ ಶಾಬಾಸ್ ಅನಬೇಕು ಅಂತ ಒಂದು ತಿಂಗಳಿಂದ ಫೋನ್ ಮಾಡಾಕತ್ತಿದ್ದೆ” ಎಂದಳು. “ನೀ ನನ್ನ ಸಾಯಾಕ ಬಿಟ್ಟು ಬಸ್ ಹತ್ತಿದಿ.”

ಇನ್ನೊಂದು ಕಾಲಿಗೂ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಜಯಮಾಲಾ ಮರುದಿನ ಬೆಳಗ್ಗೆ ಸಂಜೀವಕುಮಾರ ಸಾಹೇಬರ ಕಚೇರಿಗೆ ಹೋದಳು. ಹದಿನೇಳು ಡಿಗ್ರಿಯ ಸಂಗತಿ ಹೇಳಿದಳು, ‘ಕಾರಣ ತಿಳಿದಿಲ್ಲ’ ಎಂಬುದು ಸುಳ್ಳು ಎಂದಳು. ಸಾಹೇಬರು ನೋಟಿಸ್ ಕೊಟ್ಟರು. ಆ ವರ್ಷದ ಬಡ್ತಿ ಕೈತಪ್ಪಿತು. ಜಯಮಾಲಾ ಜೈಭೀಮನನ್ನು ಕರೆದುಕೊಂಡು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೇಬಲ್ ಕಾಲುವೆಗಳಿಗೆ ಇಳಿದಳು. ದೊಡ್ಡ ಕಟ್ಟಡ, ನೂರ ಹನ್ನೆರಡು ತೂತು ಸಿಕ್ಕವು. ಒಂದರೊಳಗೆ ಹಾವಿನ ಪೊರೆ, ಇನ್ನೊಂದರಲ್ಲಿ ಯಾವನೋ ಗುತ್ತಿಗೆದಾರ ತುರುಕಿದ ಸಿಮೆಂಟಿನ ಖಾಲಿ ಚೀಲ. ಕೆಲಸಗಾರರು ಪುಟ್ಟಿ ಮೆತ್ತಿ ಹೋದ ಮೇಲೆ ಅವಳು ಊದಿನಕಡ್ಡಿ ಹಚ್ಚಿ ಒಂದೊಂದರ ಮುಂದೆಯೂ ಹಿಡಿದಳು. ಹೊಗೆ ಅಲುಗಿದರೆ ಮತ್ತೆ ಮೆತ್ತಿಸಿದಳು. ಆ ಉಪಾಯ ಅವಳದೇ. ಕಲ್ಯಾಣದಲ್ಲಿ ಅದನ್ನು ಮಾಡಿರಲಿಲ್ಲ ಎಂದು ನೆನೆದಾಗ ಕಾಲುವೆಯೊಳಗೆ ಕುಳಿತೇ ಅವಳಿಗೆ ಸಣ್ಣ ನಗು ಬಂತು.

ದೀಪಾವಳಿಯ ಹೊತ್ತಿಗೆ ಹುಮನಾಬಾದಿನ ಬಳಕೆ ನೂರಕ್ಕೆ ಮೂವತ್ತೊಂದು ಇಳಿದಿತ್ತು. ಮತ್ತೆ ಮೀಟಿಂಗ್ ಆಯಿತು. ಈ ಸಲ ಹಜಿರಾಳನ್ನು ವೇದಿಕೆಗೆ ಕರೆದರು. ಅವಳು ಮೈಕ್ ಹಿಡಿದು ಮೊದಲು ಹೇಳಿದ್ದು ಟೈಮರಿನ ಸಂಗತಿ: “ನಾ ಒಂದು ದೊಡ್ಡ ತಪ್ಪು ಮಾಡಿದ್ದೆ. ಅದನ್ನ ಹಿಡದಾಕಿ ಹುಮನಾಬಾದಿನ ಜಯಮಾಲಾ ಅಕ್ಕ. ಆಕಿ ಹೇಳದಿದ್ರ ಇವತ್ತು ನಾ ಇಲ್ಲಿ ಇರತಿದ್ದಿಲ್ಲ.” ಬಸ್ಸಿನ ಸಂಗತಿ ಹೇಳಲಿಲ್ಲ.

ಚಪ್ಪಾಳೆ ಬಿತ್ತು. ಜಯಮಾಲಾಳ ಪಕ್ಕದಲ್ಲಿದ್ದವನು, “ಎಂಥಾ ದೊಡ್ಡ ಮನಸ್ಸು ಆ ಬಾಯಾರ್ದು” ಎಂದ. ಅವನು ಹೇಳಿದ್ದು ಹಜಿರಾಳ ಬಗ್ಗೆ. ಜಯಮಾಲಾ ಕುಳಿತಲ್ಲೇ ಹಲ್ಲು ಕಚ್ಚಿದಳು. ತನ್ನ ಹೆಸರಿಗೆ ಬಿದ್ದ ಚಪ್ಪಾಳೆಯೂ ಹಜಿರಾಳ ಲೆಕ್ಕಕ್ಕೇ ಹೋಯಿತು!

ಹೊರಗೆ ಹಜಿರಾ ತಾನಾಗಿ ಹತ್ತಿರ ಬರಲಿಲ್ಲ. ಮೊದಲಿನಂತೆ ಓಡಿಬಂದು ಕೈ ಹಿಡಿಯುವ ದಿನ ಮುಗಿದಿತ್ತು. ಜಯಮಾಲಾಳೇ ಜನರನ್ನು ಸರಿಸಿಕೊಂಡು ಹೋದಳು.

“ಊದಿನಕಡ್ಡಿ ಹಿಡದು ನೋಡೀಯೇನು, ತೂತಿಗೆ?”

ಹಜಿರಾ ಚೀಲ ಹೆಗಲಿಗೇರಿಸಿಕೊಂಡಳು. “ಇಲ್ಲ.”

“ಹಿಡದು ನೋಡು. ಕಣ್ಣಿಗೆ ಕಾಣದ ಸಂದು ಸಿಗ್ತಾವ. ನನ್ನಲ್ಲಿ ಹತ್ತೊಂಬತ್ತು ಸಿಕ್ಕಾವ.”

“ಹತ್ತೊಂಬತ್ತು?” ಹಜಿರಾಳ ದನಿಯಲ್ಲಿ ಏನೋ ಒಂದು ಸಣ್ಣಗೆ ಕೊಂಕಿತು. ಜಯಮಾಲಾಳಿಗೆ ಅದರ ಗುರುತು ಹತ್ತಿತು. ಅದಕ್ಕೆ ಅವಳಿಗೆ ತುಸು ಖುಷಿಯೂ ಆಯಿತು.

“ನಂದು ಇನ್ನ ನಿನಗಿಂತ ನೂರಕ್ಕ ಒಂಬತ್ತು ಹಿಂದ ಅದ” ಎಂದಳು ಜಯಮಾಲಾ. “ಮುಂದಿನ ಬ್ಯಾಸಗಿಗೆ ನೋಡು.”

“ನೋಡೂಣಲ್ಲ” ಎಂದಳು ಹಜಿರಾ. ಕಲ್ಯಾಣದ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು. ಇಬ್ಬರೂ ಚಹಾದ ಅಂಗಡಿಯ ಕಡೆ ನಡೆದರು. ಜೊತೆಗೇ ನಡೆದರು, ಆದರೆ ನಡುವೆ ಒಬ್ಬರು ಹಾಯುವಷ್ಟು ಅಂತರ ಬಿಟ್ಟುಕೊಂಡು.